ಎರಡು ನಿಮಿಷಕ್ಕೊಮ್ಮೆ ಕೈ ಬದಲು

ಪಾವಗಡ ತಾಲ್ಲೂಕಿನ ರಾಯಚರ್ಲು ಇಂದು ಸೌರಫಲಕಗಳ ಊರು. ನೆರೆಯ ತಿರುಮಣಿ, ವಳ್ಳೂರು ಮುಂತಾದ ಊರುಗಳೊಡನೆ ಸುಮಾರು 13,000 ಎಕರೆಯ ಸೌರ ಉದ್ಯಾನಕ್ಕೆ ನೆಲ ಕೊಟ್ಟ ಊರು. ಬೆಳಕು ಎಷ್ಟೇ ಬಂದರೂ ಹಾವಿನ ಭಯ ಮಾತ್ರ ಹೋಗಿಲ್ಲ. ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಟ್ಟುಹಾವು ಕಚ್ಚಿತೆನ್ನಿ. ಪಾವಗಡದ ಆಸ್ಪತ್ರೆಯಲ್ಲಿ ಪ್ರತಿವಿಷ ಕೊಟ್ಟ ಮೇಲೂ ಉಸಿರು ಸೋಲತೊಡಗಿದರೆ ಮಧುಗಿರಿ, ಕೊರಟಗೆರೆ ದಾಟಿ ತುಮಕೂರಿಗೆ ಓಡಬೇಕು. ಅಲ್ಲಿಗೇ ಸುಮಾರು ನೂರು ಕಿಲೋಮೀಟರು. ಅಲ್ಲಿಂದ ಬೆಂಗಳೂರಿಗೆ ಮತ್ತೆ ಎಪ್ಪತ್ತು! ಶಿರಾ ಬಳಿಯ ಹೆದ್ದಾರಿಯಲ್ಲಿ ಗಾಯಗೊಂಡವರ ದಾರಿಯೂ ಬಹುಮಟ್ಟಿಗೆ ಇತ್ತಲೇ.

ಆ ದೀರ್ಘ ದಾರಿಯ ಕೊನೆಯಲ್ಲಿ, ಅಪರಾತ್ರಿಯಲ್ಲಿ, ಆಂಬುಲೆನ್ಸಿನ ಬಾಗಿಲು ತೆರೆಯುವವರು ಯಾರು? ಹೆಚ್ಚಿನ ವೇಳೆ, ಮೂವತ್ತು ದಾಟದ ಪಿ.ಜಿ. ಡಾಕ್ಟರುಗಳು.

ಹೊಸ ಶಾಖೆ

ಹಿಂದೆ ‘ಕ್ಯಾಶುವಾಲ್ಟಿ’ ಎಂದರೆ ಬೇರೆ ಬೇರೆ ವಿಭಾಗದವರು ಸರದಿಯಲ್ಲಿ ಬಂದು ಹೋಗುವ ಕೋಣೆ. 2009ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ತುರ್ತು ವೈದ್ಯಶಾಸ್ತ್ರವನ್ನು ಪ್ರತ್ಯೇಕ ಶಾಖೆಯಾಗಿ ಮಾನ್ಯ ಮಾಡಿತು. ಅದಕ್ಕೆ ಒಂದು ವರ್ಷ ಮೊದಲಷ್ಟೇ, 2008ರಲ್ಲಿ, ಕರ್ನಾಟಕದ ರಸ್ತೆಗಳಿಗೆ 108 ಆಂಬುಲೆನ್ಸ್ ಇಳಿದಿತ್ತು. ಎಂ.ಬಿ.ಬಿ.ಎಸ್. ಮತ್ತು ಇಂಟರ್ನ್‌ಷಿಪ್ ಮುಗಿಸಿ, ನೀಟ್-ಪಿ.ಜಿ. ಪರೀಕ್ಷೆ ಬರೆದು ಸೀಟು ಪಡೆದವರಿಗೆ ಇದು ಮೂರು ವರ್ಷದ ಎಂ.ಡಿ. ವ್ಯಾಸಂಗ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲೂ ಈ ಕೋರ್ಸ್ ಇದೆ.

ಒಬ್ಬರ ಕೆಲಸವಲ್ಲ

ಇಲ್ಲಿ ಗೆಳೆತನ ಕ್ಯಾಂಟೀನಿನ ಹರಟೆಗೆ ಸೀಮಿತವಲ್ಲ. ಅದು ಚಿಕಿತ್ಸೆಯ ಒಂದು ಭಾಗ. ನಿಂತ ಹೃದಯವನ್ನು ಎಬ್ಬಿಸಲು ಎದೆಯನ್ನು ನಿಮಿಷಕ್ಕೆ 100ರಿಂದ 120 ಬಾರಿ ಒತ್ತಬೇಕು. ಎಂಥ ಗಟ್ಟಿ ಆಳಾದರೂ ಬೇಗನೆ ದಣಿಯುತ್ತಾನೆ, ಒತ್ತಡ ಸಡಿಲಾಗುತ್ತದೆ. ಆದ್ದರಿಂದಲೇ ಎರಡು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕೆಂಬುದು ನಿಯಮ. ಹಿಂದೆ ಹಳ್ಳಿಯಲ್ಲಿ ಇಬ್ಬರು ಹೆಂಗಸರು ಒಂದೇ ಒರಳಿಗೆ ಒನಕೆ ಹಾಕುತ್ತಿದ್ದರಲ್ಲ, ಅದೇ ಹದ. ಒಬ್ಬರು ಕೈ ತೆಗೆಯುವಷ್ಟರಲ್ಲಿ ಇನ್ನೊಬ್ಬರ ಕೈ ಬಿದ್ದಿರಬೇಕು.

ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದು ಬಂದವರದು ಇನ್ನೊಂದು ಪರೀಕ್ಷೆ. ಅಟ್ರೋಪಿನ್ ಕೊಟ್ಟು, ಐದೈದು ನಿಮಿಷಕ್ಕೆ ನಾಡಿ, ಎದೆಯ ಸದ್ದು ನೋಡಿ, ಸಾಲದಿದ್ದರೆ ಪ್ರಮಾಣ ಏರಿಸುತ್ತಾ ಹಾಸಿಗೆಯ ಬಳಿಯೇ ನಿಲ್ಲಬೇಕು. ಒಬ್ಬ ಅಲ್ಲಿ ನಿಂತನೆಂದರೆ, ಹೊಸದಾಗಿ ಬಂದ ರೋಗಿಗಳನ್ನೆಲ್ಲ ಜೊತೆಯವರೇ ನೋಡಿಕೊಳ್ಳಬೇಕು. ‘ನೀನು ಅಲ್ಲೇ ಇರು, ಇವರನ್ನು ನಾನು ನೋಡ್ತೀನಿ’ ಎಂಬ ಆ ಒಂದು ಮಾತಿನ ಮೇಲೆ ಎರಡು ಜೀವಗಳು ನಿಂತಿರುತ್ತವೆ.

ಪಾಳಿ ಬದಲಾಗುವಾಗ ಪ್ರತಿ ಹಾಸಿಗೆಯ ಕಥೆಯನ್ನೂ ಬಂದವರಿಗೆ ಒಪ್ಪಿಸಬೇಕು. ಹೇಳದೆ ಉಳಿದ ಒಂದು ಮಾತೇ ಕುತ್ತಾಗಬಹುದು. ರೋಗಿ ತೀರಿಕೊಂಡಾಗ ಮನೆಯವರಿಗೆ ಹೇಗೆ ತಿಳಿಸಬೇಕೆಂಬುದನ್ನು ಕಿರಿಯರು ಕಲಿಯುವುದೂ ಹಿರಿಯರ ಪಕ್ಕದಲ್ಲಿ ನಿಂತೇ. ಆಮೇಲೆ ಆ ಕಿರಿಯನ ಕೈಗೆ ಒಂದು ಲೋಟ ಚಹಾ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂರುವವರೂ ಅವರೇ. ಯುಗಾದಿಗೆ ಒಬ್ಬರು ಊರಿಗೆ ಹೋದರೆ, ರಂಜಾನಿಗೋ ಕ್ರಿಸ್‌ಮಸ್ಸಿಗೋ ಆ ಪಾಳಿಯ ಸಾಲ ತೀರುತ್ತದೆ.

ಗೆಳೆತನವಷ್ಟೇ ಸಾಲದು

ಹಾಗೆಂದು ದಣಿವನ್ನೆಲ್ಲ ಸ್ನೇಹವೇ ಹೊರಲಾರದು. ಕೇಂದ್ರ ಸರ್ಕಾರದ 1992ರ ನಿರ್ದೇಶನ ಇಂಥ ವೈದ್ಯರಿಗೆ ಸತತ ಕೆಲಸ ಸಾಮಾನ್ಯವಾಗಿ 12 ಗಂಟೆ ಮೀರಬಾರದೆಂದಿತು. ಕಿರಿಯರಿಗೆ ವಾರಕ್ಕೆ 48 ಗಂಟೆ ಎಂದಿತು. 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರಬಾರದು, ಒಂದು ದಿನ ರಜೆ ಬೇಕು ಎಂದು ಶಿಫಾರಸು ಮಾಡಿತು. ಮೂವತ್ತೆರಡು ವರ್ಷಗಳಲ್ಲಿ ಅಂಕಿ ಇಳಿಯಲಿಲ್ಲ, ಏರಿತು! ಸೀಟು ಆರಿಸಿಕೊಳ್ಳುವ ಮುನ್ನ ವಿದ್ಯಾರ್ಥಿಗಳು ಅಲ್ಲಿ ಓದುತ್ತಿರುವವರನ್ನೇ ಕೇಳಿ ತಿಳಿಯುವುದು ಒಳ್ಳೆಯದು: ಪಾಳಿ ಎಷ್ಟು ಗಂಟೆಯದು, ರಾತ್ರಿ ಪಕ್ಕದಲ್ಲಿ ಹಿರಿಯರು ಇರುತ್ತಾರೆಯೇ, ತಪ್ಪಾದಾಗ ಬೈಯುತ್ತಾರೋ ಕಲಿಸುತ್ತಾರೋ?

ಇನ್ನು ತಂದೆ-ತಾಯಿಯರಿಗೆ ಒಂದು ಮಾತು. ಮಗಳು ಫೋನ್ ಎತ್ತಲಿಲ್ಲವೆಂದು ಬೇಸರ ಬೇಡ. ಯಾವುದೋ ಊರಿನ ಯಾರದೋ ಮಗನ ಎದೆಯ ಮೇಲೆ ಆಗ ಅವಳ ಕೈ ಇರಬಹುದು. ಎರಡು ನಿಮಿಷ ಕಳೆದ ಮೇಲೆ ಆ ಕೈಯನ್ನು ಬಿಡಿಸಲು ಇನ್ನೊಂದು ಕೈ ಪಕ್ಕದಲ್ಲಿದೆಯೇ? ಕೇಳಬೇಕಾದ ಪ್ರಶ್ನೆ ಅದು.