ಬಂದೂಕಿಗೆ ಲೇಸರ್ ಹಾಕಿದರೆ ಹಂದಿ ತಪ್ಪಿಸಿಕೊಳ್ಳುವುದಿಲ್ಲವೇ? ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

ಇಂಥ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಬಂದೂಕಿನ ನಳಿಗೆಗೆ ಬೆರಳುದ್ದದ ಒಂದು ಡಬ್ಬಿ ಕಟ್ಟಿರುತ್ತಾರೆ. ಗುಂಡಿ ಒತ್ತಿದರೆ ದೂರದ ಗೋಡೆಯ ಮೇಲೆ ಹಸಿರು ಚುಕ್ಕಿ ಮೂಡುತ್ತದೆ. ಚುಕ್ಕಿ ಬಿದ್ದಲ್ಲಿ ಗುಂಡು ಬೀಳುತ್ತದೆ, ಕಾಡುಹಂದಿ ಕಾಟಕ್ಕೆ ಇದೇ ಮದ್ದು, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತದೆ, ಎಲ್ಲ ರೈತರಿಗೂ ತಲುಪಿಸಿ ಎಂಬುದು ಅದರ ಸಾರಾಂಶ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಮೆಕ್ಕೆಜೋಳವನ್ನೋ ಶೇಂಗಾವನ್ನೋ ಹಾಕಿದವರಿಗೆ ಇದು ತಮಾಷೆಯ ವಿಷಯವಲ್ಲ. ಒಂದೇ ರಾತ್ರಿ ಹಂದಿ ಹಿಂಡು ನುಗ್ಗಿದರೆ ನಾಲ್ಕು ತಿಂಗಳ ದುಡಿಮೆ ಮಣ್ಣುಪಾಲು. ಬೆಳೆ ರಕ್ಷಣೆಗೆಂದು ಪರವಾನಗಿ ಬಂದೂಕು ಇಟ್ಟುಕೊಂಡವರು ಅದನ್ನು ಇನ್ನಷ್ಟು ಸರಿಮಾಡಿಕೊಳ್ಳೋಣ ಎಂದುಕೊಳ್ಳುವುದು ಸಹಜ. ಹಾಗಾಗಿ ಈ ಮಾತಿನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಚಿಕ್ಕ ಉತ್ತರ ಇಷ್ಟು: ಬಂದೂಕು ಯಾವ ಕಡೆ ತಿರುಗಿದೆ ಎಂದು ಸೈಟ್ ಹೇಳುತ್ತದೆ. ಎದುರಿಗೆ ಇರುವುದು ಏನು ಎಂದು ಹೇಳುವುದಿಲ್ಲ. ನಮ್ಮ ಹೊಲಗಳಲ್ಲಿ ಅನಾಹುತವಾಗುವುದು ಈ ಎರಡನೆಯದರಿಂದ.

ಒಂದು ಗುಂಡಲ್ಲ, ಚರೆಗಳ ಗುಂಪು

ರೈಫಲ್‌ನ ನಳಿಗೆಯೊಳಗೆ ತಿರುಚಿದ ಗೀರುಗಳಿರುತ್ತವೆ. ಅವು ಒಂಟಿ ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ ಕಳಿಸುತ್ತವೆ. ಶಾಟ್‌ಗನ್ ಹಾಗಲ್ಲ. ಅದರ ನಳಿಗೆಯ ಒಳಭಾಗ ನುಣುಪು. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ 12 ಬೋರ್ ಬಂದೂಕಿನ ನಳಿಗೆಯ ಒಳಗಿನ ಅಗಲ ಸುಮಾರು 18.5 ಮಿಲಿಮೀಟರ್. ಅದರಿಂದ ಹೊರಡುವುದು ಸಾಮಾನ್ಯವಾಗಿ ಒಂದು ಗುಂಡಲ್ಲ, ಸೀಸದ ಚರೆಗಳ ಗುಂಪು.

ಬಾಯಿ ದಾಟಿದೊಡನೆ ಈ ಗುಂಪು ಹರಡತೊಡಗುತ್ತದೆ. 20 ಮೀಟರ್ ಹೊತ್ತಿಗೆ ಸುಮಾರು 40ರಿಂದ 80 ಸೆಂಟಿಮೀಟರ್ ಅಗಲವಾಗಿರುತ್ತದೆ. ನಳಿಗೆಯ ತುದಿ ಎಷ್ಟು ಕಿರಿದಾಗಿದೆ, ಅಂದರೆ ಅದರ ಚೋಕ್ ಯಾವುದು ಎಂಬುದರ ಮೇಲೆ ಇದು ಹೆಚ್ಚುಕಡಿಮೆಯಾಗುತ್ತದೆ. ಚೋಕ್ ಅಳೆಯಲು ಹಳೆಯ ಕ್ರಮವೊಂದಿದೆ: ಸುಮಾರು 36.5 ಮೀಟರ್ ದೂರದಲ್ಲಿ 76 ಸೆಂಟಿಮೀಟರ್ ಅಗಲದ ವೃತ್ತದೊಳಗೆ ಎಷ್ಟು ಚರೆ ಬಿದ್ದವು ಎಂದು ಎಣಿಸುವುದು. ಫುಲ್ ಚೋಕ್ ಆದರೆ ಸುಮಾರು ಶೇ 70, ಚೋಕ್ ಇಲ್ಲದ ನೇರ ನಳಿಗೆಯಾದರೆ ಸುಮಾರು ಶೇ 40. ಮಿಕ್ಕವು ವೃತ್ತದ ಹೊರಗೆ ಎಲ್ಲಿ ಬೇಕಾದರೂ ಹೋಗಿರುತ್ತವೆ.

ಈಗ ಲೆಕ್ಕ ನೀವೇ ಹಾಕಿ. ಚರೆಯ ಗುಂಪೇ ಅರ್ಧ ಮೀಟರ್ ಹರಡಿರುವಾಗ, ಕಡಲೆಕಾಳಿನಷ್ಟು ಚುಕ್ಕಿ ಇಟ್ಟು ಗುರಿ ನೋಡಿದರೆ ಆ ನಿಖರತೆ ಎಲ್ಲಿಗೆ ಬಂತು? ಬೆಳೆ ಅಳೆಯಲು ಚಿನ್ನದ ತಕ್ಕಡಿ ತಂದ ಹಾಗೆ. ಚುಕ್ಕಿ ಬಿದ್ದಲ್ಲೇ ಗುಂಡು ಬೀಳುತ್ತದೆ ಎಂಬ ಮಾತು ಚರೆಗೆ ಹೊಂದುವುದಿಲ್ಲ. ಒಂಟಿ ಗುಂಡಿನ ತೋಟಾಗೆ ಮಾತ್ರ ಒಳ್ಳೆಯ ಸೈಟ್‌ನಿಂದ ನಿಜವಾದ ಪ್ರಯೋಜನವಿದೆ.

ಹಿಂದಿನ ಸೈಟ್ ನಿಮ್ಮ ಕಣ್ಣೇ

ಹೆಚ್ಚಿನ ಶಾಟ್‌ಗನ್‌ಗಳಲ್ಲಿ ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮಣಿ ಮಾತ್ರ ಇರುತ್ತದೆ. ಹಿಂದೆ ಏನೂ ಇಲ್ಲವಲ್ಲ ಎಂದು ಕೆಲವರಿಗೆ ಅನುಮಾನ. ಹಿಂದಿನ ಸೈಟ್ ನಿಮ್ಮ ಕಣ್ಣು. ಕೆನ್ನೆ ಪ್ರತಿ ಸಲವೂ ಹಿಡಿಕೆಯ ಮೇಲೆ ಒಂದೇ ಕಡೆ ಕೂತರೆ ಕಣ್ಣೂ ಒಂದೇ ಕಡೆ ಇರುತ್ತದೆ.

ಕಣ್ಣಿಗೂ ಮಣಿಗೂ ಸುಮಾರು ಒಂದು ಮೀಟರ್ ದೂರ. ಕೆನ್ನೆ ಒಂದೇ ಒಂದು ಸೆಂಟಿಮೀಟರ್ ಮೇಲೆದ್ದರೆ, 20 ಮೀಟರ್ ದೂರದಲ್ಲಿ ಗುರಿ ಸುಮಾರು 20 ಸೆಂಟಿಮೀಟರ್ ತಪ್ಪುತ್ತದೆ. ಹೆಚ್ಚಿನವರ ಗುರಿ ತಪ್ಪುವುದು ಇಲ್ಲಿ. ಹಿಡಿಕೆ ಉದ್ದವಾಗಿದ್ದರೆ, ಗಿಡ್ಡವಾಗಿದ್ದರೆ, ಗಾಬರಿಯಲ್ಲಿ ತಲೆ ಎತ್ತಿದರೆ ಈ ತಪ್ಪು ಆಗುತ್ತದೆ.

ಇನ್ನೊಂದು ಕಾರಣ ಕಣ್ಣಿನ ಯಜಮಾನಿಕೆ. ಇದನ್ನು ಬಂದೂಕಿಲ್ಲದೆ ಈಗಲೇ ಪರೀಕ್ಷಿಸಬಹುದು. ಎರಡೂ ಕೈ ಮುಂದೆ ಚಾಚಿ ಅಂಗೈಗಳ ನಡುವೆ ಸಣ್ಣ ಕಿಂಡಿ ಮಾಡಿ, ಎರಡೂ ಕಣ್ಣು ತೆರೆದು, ಆ ಕಿಂಡಿಯಲ್ಲಿ ಗೋಡೆ ಗಡಿಯಾರ ನೋಡಿ. ಈಗ ಒಂದೊಂದೇ ಕಣ್ಣು ಮುಚ್ಚಿ. ಯಾವ ಕಣ್ಣು ಮುಚ್ಚಿದಾಗ ಗಡಿಯಾರ ಮಾಯವಾಗುತ್ತದೋ ಅದೇ ನಿಮ್ಮ ಯಜಮಾನ ಕಣ್ಣು. ಬಲಭುಜಕ್ಕೆ ಬಂದೂಕು ಇಡುವವರ ಯಜಮಾನ ಕಣ್ಣು ಎಡಗಣ್ಣಾಗಿದ್ದರೆ, ಎರಡೂ ಕಣ್ಣು ತೆರೆದು ಮಣಿ ನೋಡುವಾಗ ಗುರಿ ಪಕ್ಕಕ್ಕೆ ಹೋಗುತ್ತದೆ.

ಯಾವ ಸೈಟ್ ಏನು ಮಾಡುತ್ತದೆ?

ದೊಡ್ಡ ಬಿಳಿ ಮಣಿ: ಹಿತ್ತಾಳೆ ಮಣಿ ಮಬ್ಬಿನಲ್ಲಿ ಕಾಣದಿದ್ದರೆ ಇದು ಸಾಕು. ಬ್ಯಾಟರಿ ಬೇಡ, ಕೆಡುವಂಥದ್ದೂ ಇಲ್ಲ.

ಫೈಬರ್ ಆಪ್ಟಿಕ್ ಮಣಿ: ಹಸಿರು ಅಥವಾ ಕೆಂಪು ಬಣ್ಣದ ಪ್ಲಾಸ್ಟಿಕ್ ಕಡ್ಡಿ. ಸುತ್ತಲಿನ ಬೆಳಕನ್ನು ಬದಿಯಿಂದ ಹೀರಿ ತುದಿಯಲ್ಲಿ ಹೊಳೆಯುತ್ತದೆ. ಬೆಳಗ್ಗೆ, ಸಂಜೆ ಚೆನ್ನಾಗಿ ಕಾಣುತ್ತದೆ. ಅಮಾವಾಸ್ಯೆಯ ರಾತ್ರಿಯಲ್ಲಿ ತಾನೇ ಹೊಳೆಯುತ್ತದೆ ಎನ್ನುವುದು ಸುಳ್ಳು. ಹೀರಲು ಬೆಳಕೇ ಇಲ್ಲದಿದ್ದರೆ ಹೊಳೆಯುವುದು ಹೇಗೆ?

ರೆಡ್ ಡಾಟ್: ಇದು ಲೇಸರ್ ಅಲ್ಲ. ಒಳಗಿನ ಸಣ್ಣ ಎಲ್‌ಇಡಿಯ ಬೆಳಕು ಬಾಗಿದ ಗಾಜಿನ ಮೇಲೆ ಬಿದ್ದು ನಿಮ್ಮ ಕಣ್ಣಿಗೆ ಮಾತ್ರ ಚುಕ್ಕಿಯಾಗಿ ಕಾಣುತ್ತದೆ, ಹೊರಗೆ ಏನೂ ಹೋಗುವುದಿಲ್ಲ. ತಲೆ ಸ್ವಲ್ಪ ಅತ್ತಿತ್ತ ಆದರೂ ಚುಕ್ಕಿ ಹೆಚ್ಚು ಮೋಸ ಮಾಡುವುದಿಲ್ಲ. ಹಾಗಾಗಿ ಮೇಲೆ ಹೇಳಿದ ಕೆನ್ನೆಯ ತಪ್ಪಿಗೆ ಇದು ನಿಜವಾದ ಪರಿಹಾರ. ಆದರೆ ಕತ್ತಲಲ್ಲಿ ಚುಕ್ಕಿಯ ಬೆಳಕು ಜಾಸ್ತಿ ಇಟ್ಟರೆ ಅದರ ಹಿಂದಿರುವುದೇ ಮರೆಯಾಗುತ್ತದೆ.

ಲೇಸರ್: ಕೆಂಪು ಲೇಸರ್ ಹಗಲಲ್ಲಿ ಸ್ವಲ್ಪ ದೂರಕ್ಕೇ ಕಾಣದಾಗುತ್ತದೆ. ನಮ್ಮ ಕಣ್ಣು ಹಸಿರಿಗೆ ಹೆಚ್ಚು ಸೂಕ್ಷ್ಮವಾದ್ದರಿಂದ ಹಸಿರು ಲೇಸರ್ ಎದ್ದು ಕಾಣುತ್ತದೆ. ಆದರೆ ಆಳೆತ್ತರದ ಮೆಕ್ಕೆಜೋಳದಲ್ಲಿ ಚುಕ್ಕಿ ಬೀಳುವುದು ಎದುರಿನ ಎಲೆಯ ಮೇಲೆ, ಹಂದಿಯ ಮೇಲಲ್ಲ. ವಿಡಿಯೊದಲ್ಲಿ ಗೋಡೆ ತೋರಿಸಿ ಮುಗಿಸುವುದರಿಂದ ಈ ತೊಂದರೆ ಕಾಣುವುದಿಲ್ಲ. ಜೊತೆಗೆ ಕಣ್ಣಿನ ಅಪಾಯವೂ ಇದೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ 2013ರಲ್ಲಿ 122 ಲೇಸರ್ ಪಾಯಿಂಟರ್‌ಗಳನ್ನು ಪರೀಕ್ಷಿಸಿದಾಗ ಹಸಿರು ಪಾಯಿಂಟರ್‌ಗಳಲ್ಲಿ ಸುಮಾರು ಶೇ 90, ಕೆಂಪಿನಲ್ಲಿ ಸುಮಾರು ಶೇ 44 ಅಲ್ಲಿನ ಸುರಕ್ಷತಾ ಮಿತಿಯನ್ನು ಮೀರಿದ್ದವು. ಅಗ್ಗದ ಡಬ್ಬಿಯ ಮೇಲಿನ ಚೀಟಿಯನ್ನು ಕಣ್ಣುಮುಚ್ಚಿ ನಂಬಬೇಡಿ. ಅದನ್ನು ಮಕ್ಕಳ ಕೈಗಂತೂ ಕೊಡಲೇಬೇಡಿ.

ದುರ್ಬೀನು, ಅಂದರೆ ಸ್ಕೋಪ್: ದೂರದ್ದನ್ನು ಹತ್ತಿರ ತೋರಿಸುತ್ತದೆ, ಆದರೆ ನೋಟದ ಅಗಲ ಕುಗ್ಗುತ್ತದೆ. ಓಡುವ ಪ್ರಾಣಿ ಅದರೊಳಗೆ ಸಿಗುವುದೇ ಇಲ್ಲ. ಕಣ್ಣನ್ನು ಗಾಜಿಗೆ ಹತ್ತಿರ ಇಟ್ಟರೆ ಬಂದೂಕು ಹಿಂದಕ್ಕೆ ಒದ್ದಾಗ ಹುಬ್ಬು ಸೀಳುತ್ತದೆ. ಚರೆ ಬಂದೂಕಿಗೆ ಇದು ದಂಡದ ಖರ್ಚು.

ಬಾಯಿಯಿಂದ ಮದ್ದು ತುಂಬುವ ಕೇಪಿನ ಬಂದೂಕಾದರೆ ಪ್ರತಿ ಸಲ ಮದ್ದಿನ ಅಳತೆ, ಚರೆಯ ಅಳತೆ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಪ್ರತಿ ಈಡೂ ಬೇರೆ. ಯಾವ ಸೈಟ್ ಹಾಕಿದರೂ ಆ ವ್ಯತ್ಯಾಸ ಸರಿಹೋಗುವುದಿಲ್ಲ.

ವೆಲ್ಡಿಂಗ್ ಅಂಗಡಿಗೆ ಮಾತ್ರ ಒಯ್ಯಬೇಡಿ

ಸೈಟ್ ಕೂರಿಸಲು ನಳಿಗೆಗೆ ತೂತು ಹೊಡೆಸುವುದು, ವೆಲ್ಡಿಂಗ್ ಮಾಡಿಸುವುದು ಎಲ್ಲಕ್ಕಿಂತ ಅಪಾಯ. ಸಾಮಾನ್ಯ 12 ಬೋರ್ ತೋಟಾ ಸಿಡಿದಾಗ ಒಳಗಿನ ಒತ್ತಡ ಹೆಚ್ಚೆಂದರೆ ಸುಮಾರು 790 ಬಾರ್‌ವರೆಗೆ ಹೋಗಬಹುದು ಎಂಬ ಲೆಕ್ಕದಲ್ಲಿ ಬಂದೂಕು ತಯಾರಾಗಿರುತ್ತದೆ. ನಿಮ್ಮ ಬೈಕಿನ ಟೈರಿನಲ್ಲಿರುವುದು ಸುಮಾರು 2 ಬಾರ್. ತೆಳುವಾದ, ಕಾಯಿಸಿ ಮೆದುವಾದ ಉಕ್ಕು ಆ ಒತ್ತಡಕ್ಕೆ ಬಿರಿದರೆ ಹೋಗುವುದು ನಿಮ್ಮ ಎಡಗೈ ಅಥವಾ ಕಣ್ಣು. ಆಟಿಕೆ ಬಂದೂಕಿಗೆ, ಏರ್‌ಗನ್‌ಗೆ ಮಾಡಿದ ಸೈಟ್ 12 ಬೋರ್‌ನ ಒದೆತಕ್ಕೆ ಸಡಿಲವಾಗುವುದೂ ಉಂಟು. ಸಡಿಲವಾದ ಸೈಟ್ ಇಲ್ಲದ ಸೈಟ್‌ಗಿಂತ ಕೆಟ್ಟದ್ದು, ಏಕೆಂದರೆ ನೀವು ಅದನ್ನು ನಂಬಿರುತ್ತೀರಿ.

ಕಾನೂನೂ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಬಂದೂಕು ರಿಪೇರಿ, ಮಾರ್ಪಾಡು ಮಾಡುವ ವ್ಯಾಪಾರಕ್ಕೇ ಪರವಾನಗಿ ಬೇಕು. ಪರವಾನಗಿ ಇಲ್ಲದೆ ನಳಿಗೆ ಗಿಡ್ಡ ಮಾಡಿಸುವುದು 6ನೇ ಕಲಂ ಪ್ರಕಾರ ಅಪರಾಧ.

ಚುಕ್ಕಿ ಹೇಳದ ಸಂಗತಿ

ಈಗ ಮುಖ್ಯ ವಿಷಯಕ್ಕೆ ಬರೋಣ. ರಾತ್ರಿ ಹೊಲದಲ್ಲಿ ಏನೋ ಸರಸರ ಎಂದಿತು. ಕಪ್ಪಗೆ ಏನೋ ಅಲುಗಾಡಿತು. ಚುಕ್ಕಿ ಅದರ ಮೇಲೆ ಸರಿಯಾಗಿ ಕೂತಿತು. ಅದು ಹಂದಿಯೇ?

ಕರಡಿಯೂ ಇರಬಹುದು. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮ ಘೋಷಣೆಯಾಯಿತು. ಬಂಡೆ ಗುಡ್ಡಗಳ ಕರಡಿ ರಾತ್ರಿ ಹೊಲಕ್ಕೆ ಇಳಿಯುವುದು ಇಲ್ಲಿನವರಿಗೆ ಹೊಸದೇನಲ್ಲ. ಗಾಯಗೊಂಡ ಕರಡಿಯಾಗಲಿ ಹಂದಿಯಾಗಲಿ ಎಷ್ಟು ಅಪಾಯ ಎಂಬುದನ್ನು ನಾವು ಹೇಳಬೇಕಿಲ್ಲ.

ಮನುಷ್ಯನೂ ಇರಬಹುದು. ತ್ರೀಫೇಸ್ ಕರೆಂಟ್ ರಾತ್ರಿ ಬಂದರೆ ರೈತರು ರಾತ್ರಿಯೇ ಮೋಟಾರ್ ಹಾಕಬೇಕು, ನೀರು ತಿರುಗಿಸಬೇಕು. ಕಂಬಳಿ ಹೊದ್ದು, ಬಗ್ಗಿ ಕಾಲುವೆ ಕಟ್ಟುವ ಪಕ್ಕದ ಹೊಲದವರು 30 ಮೀಟರ್ ದೂರದ ಕತ್ತಲಲ್ಲಿ ಹೇಗೆ ಕಾಣುತ್ತಾರೆ? ಒಂದು ಕಪ್ಪು ಗುಡ್ಡೆ, ಅಷ್ಟೇ. ಲೇಸರ್ ಚುಕ್ಕಿ ಹಂದಿಯ ಮೇಲೂ ಅಷ್ಟೇ ಚೆನ್ನಾಗಿ ಕೂರುತ್ತದೆ, ಅವರ ಬೆನ್ನಿನ ಮೇಲೂ ಅಷ್ಟೇ ಚೆನ್ನಾಗಿ ಕೂರುತ್ತದೆ. ಕೂತ ಚುಕ್ಕಿ ನೋಡಿದವರಿಗೆ ಇನ್ನೇನೂ ನೋಡಬೇಕಿಲ್ಲ ಎಂಬ ಧೈರ್ಯ ಬರುತ್ತದೆ. ನಮ್ಮ ಆತಂಕ ಆ ಧೈರ್ಯದ ಬಗ್ಗೆ.

ಬಂದೂಕಿನ ಪರವಾನಗಿ ಬೇಟೆಯ ಪರವಾನಗಿಯಲ್ಲ

ಇದೂ ಬಹಳ ಹರಡಿರುವ ತಪ್ಪು ತಿಳಿವಳಿಕೆ. ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಂ ಬೆಳೆ ರಕ್ಷಣೆಗೆ ಬಾಯಿಯಿಂದ ಮದ್ದು ತುಂಬುವ ಬಂದೂಕಿಗೆ, ಅದು ಸಾಲದು ಎನಿಸಿದರೆ ನುಣುಪು ನಳಿಗೆಯ ಬೇರೆ ಬಂದೂಕಿಗೆ ಪರವಾನಗಿ ಕೊಡಲು ಅವಕಾಶ ಮಾಡಿದೆ. ಆದರೆ ಅದು ಇಟ್ಟುಕೊಳ್ಳಲು. ಪ್ರಾಣಿ ಕೊಲ್ಲುವ ಪ್ರಶ್ನೆ ಬಂದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ.

2022ರ ತಿದ್ದುಪಡಿಯ ನಂತರ ಕಾಡುಹಂದಿ ಆ ಕಾಯ್ದೆಯ 2ನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯ ಎಂದು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕಾರ ಪಡೆದ ಅಧಿಕಾರಿ ಲಿಖಿತ ಅನುಮತಿ ಕೊಟ್ಟರೆ ಮಾತ್ರ ಅದನ್ನು ಕೊಲ್ಲಬಹುದು. ಕರಡಿ, ಚಿರತೆ, ನವಿಲು 1ನೇ ಅನುಸೂಚಿಯವು. ಬೆಳೆ ಹಾಳಾಯಿತು ಎಂಬುದು ಅವನ್ನು ಕೊಲ್ಲಲು ಕಾರಣವೇ ಆಗುವುದಿಲ್ಲ. ಕೊಂದರೆ 3ರಿಂದ 7 ವರ್ಷ ಜೈಲು. ಪ್ರಾಣಿ ಮೈಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಮಾಡಿದ್ದು ಮಾತ್ರ ಅಪರಾಧವಲ್ಲ.

ಇನ್ನೊಂದು ಸಂಗತಿ ಹಲವರಿಗೆ ಗೊತ್ತಿಲ್ಲ. ಅದೇ ಕಾಯ್ದೆಯ 34ನೇ ಕಲಂ ಪ್ರಕಾರ ಯಾವುದೇ ವನ್ಯಜೀವಿಧಾಮದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಗುಡೇಕೋಟೆ ಸುತ್ತಲಿನ ಹಳ್ಳಿಗಳಿಗೆ ಇದು ನೇರವಾಗಿ ಅನ್ವಯ. ಪಕ್ಕದ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ಧಾಮದ 10 ಕಿಲೋಮೀಟರ್ ಒಳಗೆ ಇರುವವರಿಗೂ ಇದೇ ನಿಯಮ.

ಹಾಗಾದರೆ ಏನು ಮಾಡಬೇಕು?

• ಮೊದಲ ಖರ್ಚು ಒಳ್ಳೆಯ ಟಾರ್ಚಿಗೆ ಇರಲಿ. ಅದು ಕೈಯಲ್ಲಿರಲಿ, ಬಂದೂಕಿನ ಮೇಲೆ ಬೇಡ. ಬಂದೂಕಿಗೆ ಕಟ್ಟಿದ ಟಾರ್ಚಿನಿಂದ ಹುಡುಕಿದರೆ ಕಂಡವರ ಕಡೆಗೆಲ್ಲ ನಳಿಗೆ ತಿರುಗುತ್ತದೆ.
• ಎದುರಿಗೆ ಏನಿದೆ, ಅದರ ಹಿಂದೆ ಏನಿದೆ ಎಂದು ಖಚಿತವಾಗಿ ಕಾಣುವವರೆಗೆ ಬೆರಳು ಕುದುರೆಯ ಮೇಲೆ ಹೋಗಬಾರದು.
• ರಾತ್ರಿ ನೀರು ಕಟ್ಟುವವರು ಯಾರು ಎಂದು ಅಕ್ಕಪಕ್ಕದ ಹೊಲದವರೊಂದಿಗೆ ಮೊದಲೇ ಮಾತಾಡಿಕೊಳ್ಳಿ. ಹೋಗುವವರು ಟಾರ್ಚ್ ಉರಿಸಿಕೊಂಡು, ಸದ್ದು ಮಾಡುತ್ತಾ ಹೋಗಲಿ.
• ಮಣಿ ಕಾಣದಿದ್ದರೆ ಬಿಳಿ ಅಥವಾ ಫೈಬರ್ ಮಣಿ ಹಾಕಿಸಿ. ಅದಕ್ಕೂ ಪರವಾನಗಿ ಇರುವ ಬಂದೂಕು ಅಂಗಡಿಗೇ ಹೋಗಿ. ಅದಕ್ಕಿಂತ ದೊಡ್ಡದು ಏನೇ ಹಾಕಿಸುವುದಿದ್ದರೂ ಹೊಸಪೇಟೆಯ ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರ ಪರವಾನಗಿ ವಿಭಾಗದಲ್ಲಿ ಮೊದಲು ಕೇಳಿ.
• ಬೆಳೆ ಹಾನಿಯಾದರೆ ಫೋಟೊ ತೆಗೆದು, ಪಹಣಿ ಜೊತೆ ವಲಯ ಅರಣ್ಯ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಹಂದಿ ಹಾವಳಿಗೂ ಪರಿಹಾರವಿದೆ.

ನಮ್ಮ ತೀರ್ಮಾನ

ಸೈಟ್‌ನಿಂದ ಗುರಿ ಸುಧಾರಿಸಬಹುದು ಎಂಬುದು ಭಾಗಶಃ ನಿಜ. ಲೇಸರ್ ಹಾಕಿದರೆ ಚರೆ ಬಂದೂಕಿನ ಗುರಿ ತಪ್ಪುವುದೇ ಇಲ್ಲ ಎಂಬುದು ಸುಳ್ಳು. ಆ ವಿಡಿಯೊ ನಿಮ್ಮ ಊರಿನ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ. ಬದಲಿಗೆ ಒಂದು ಸಾಲು ಬರೆಯಿರಿ: ಇವತ್ತು ರಾತ್ರಿ ನಮ್ಮ ಹೊಲಕ್ಕೆ ನೀರು ಕಟ್ಟಲು ಹೋಗುತ್ತಿದ್ದೇವೆ, ಬಂದೂಕು ಇರುವವರು ನೋಡಿಕೊಳ್ಳಿ.