‘ಸಂಸ್ಕಾರ’ದ ಆಘಾತ ಇರುವುದೆಲ್ಲಿ?

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ ಮಾತೆತ್ತಿದರೆ ಮೊದಲು ನೆನಪಾಗುವುದು ಬ್ರಾಹ್ಮಣ ನಾರಣಪ್ಪನ ಪುಂಡಾಟ: ಅಗ್ರಹಾರದಲ್ಲಿ ಮಾಂಸ, ಹೆಂಡ, ದೇವರ ಹೊಂಡದ ಮೀನು, ಹೊಳೆಗೆಸೆದ ಸಾಲಿಗ್ರಾಮ. 1965ರಲ್ಲಿ ಬಂದ ಈ ಕಾದಂಬರಿ 1970ರಲ್ಲಿ ಚಲನಚಿತ್ರವಾದಾಗ ಸೆನ್ಸಾರ್ ಅದನ್ನು ಮೊದಲು ತಡೆಹಿಡಿದದ್ದೂ ಈ ಖ್ಯಾತಿಯನ್ನು ಬೆಳೆಸಿತು. ಆದರೆ ಕತೆ ಶುರುವಾಗುವಾಗಲೇ ಪುಂಡ ಸತ್ತಿದ್ದಾನೆ. ಅವನ ಅಪಚಾರಗಳು ನಮಗೆ ಮುಟ್ಟುವುದು ಹೆಚ್ಚಾಗಿ ಇತರರ ದೂರಿನಲ್ಲಿ, ನೆನಪಿನಲ್ಲಿ. ಅನಂತಮೂರ್ತಿ ಮುಂದಿಟ್ಟದ್ದು ಬರೀ ಲೌಕಿಕ ತೊಡಕು. ಹೆಣಕ್ಕೆ ಬೆಂಕಿ ಕೊಡುವವರು ಯಾರು? ಅದು ತೀರ್ಮಾನವಾಗುವವರೆಗೆ ಯಾರೂ ಉಣ್ಣುವಂತಿಲ್ಲ. ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿ ಸಂಸ್ಕಾರದ ಖರ್ಚಿಗೆಂದು ತನ್ನ ಬಂಗಾರವನ್ನು ಬಿಚ್ಚಿಟ್ಟ ಗಳಿಗೆಯಲ್ಲಿ, ಅಲ್ಲಿಯತನಕ ಹಿಂಜರಿಯುತ್ತಿದ್ದ ಅವನ ಬಂಧುಗಳಾದ ಗರುಡಾಚಾರ್ಯ, ಲಕ್ಷ್ಮಣಾಚಾರ್ಯರ ಧರ್ಮಸೂಕ್ಷ್ಮ ದಿಕ್ಕು ಬದಲಿಸುತ್ತದೆ. ನನಗೆ ಮಾಂಸದ ಕತೆಗಿಂತ ಹೆಚ್ಚು ದಿಗಿಲು ಹುಟ್ಟಿಸುವುದು ಈ ದೃಶ್ಯ.

ಶೈಲಿಯ ಜಾಣ್ಮೆ ಕಾಣುವುದು ಕಾಡಿನ ರಾತ್ರಿಯ ನಂತರ. ಮಾರುತಿಯ ಗುಡಿಯಲ್ಲಿ ಉತ್ತರ ಸಿಗದೆ ಹಿಂತಿರುಗುವ, ಅಗ್ರಹಾರಕ್ಕೆ ತೀರ್ಪು ಹೇಳಬೇಕಾದ ಪಂಡಿತ ಪ್ರಾಣೇಶಾಚಾರ್ಯರು ಚಂದ್ರಿಯನ್ನು ಕೂಡುವ ಸನ್ನಿವೇಶವನ್ನು ಲೇಖಕರು ಹಿಗ್ಗಿಸುವುದಿಲ್ಲ. ಹಸಿವು, ಕತ್ತಲೆ, ದಣಿವಿನ ನಡುವೆ ಅದು ಘಟಿಸಿಬಿಡುತ್ತದೆ. ಅಲ್ಲಿಂದಾಚೆ ಜಗಲಿಯ ಮಾತುಕತೆಯ ಚುರುಕು ಹಿಂದೆ ಸರಿದು, ಗದ್ಯ ಆಚಾರ್ಯರ ಮನಸ್ಸಿನೊಳಕ್ಕೆ ಇಳಿಯುತ್ತದೆ. ಅದೇ ರಾತ್ರಿ ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವಿನಿಂದ ಚಂದ್ರಿ ಹೆಣವನ್ನು ಸುಟ್ಟು ಹೊರಟುಹೋಗುತ್ತಾಳೆ. ಇದು ಓದುಗನಿಗೆ ಗೊತ್ತು, ಅಗ್ರಹಾರಕ್ಕೆ ಗೊತ್ತಿಲ್ಲ. ಇಲ್ಲದ ಹೆಣದ ಸಂಸ್ಕಾರಕ್ಕಾಗಿ ಬ್ರಾಹ್ಮಣರು ಊರೂರು ಅಲೆಯುವುದನ್ನು ನಾವು ತಿಳಿದೇ ನೋಡುತ್ತೇವೆ. ಕಾದಂಬರಿಯ ಬಿಗಿ ಹಿಡಿತ ಇರುವುದು ಈ ಅರಿವಿನಲ್ಲಿ.

ಇಂದಿನ ಓದುಗನಿಗೆ ನಾರಣಪ್ಪನ ಊಟ ಆಘಾತವೇ ಅಲ್ಲ, ಹಾಗಾಗಿ ಕೃತಿ ಹಳತಾಯಿತು ಎನ್ನುವವರಿದ್ದಾರೆ. ಹಿಡಿತ ಊಟದ ಮೇಲೆ ನಿಂತಿದ್ದರೆ ಅದು ನಿಜವಾಗುತ್ತಿತ್ತು. ಆಚಾರ್ಯರು ಊರು ಬಿಟ್ಟ ಮೇಲೆ ಬರುವ ಮೇಳಿಗೆಯ ಜಾತ್ರೆಯ ಭಾಗ ನೋಡಿ: ಹೆಣವಿಲ್ಲ, ಪ್ಲೇಗು ಬಡಿದ ಅಗ್ರಹಾರವೂ ಅಲ್ಲ, ಜೊತೆಗಿರುವುದು ದಾರಿಯಲ್ಲಿ ಗಂಟುಬಿದ್ದ, ಬಾಯಿ ಮುಚ್ಚದ ಪುಟ್ಟ. ಹೆಂಡತಿಯ ಸಾವಿನ ಸೂತಕದಲ್ಲಿರುವ ಆಚಾರ್ಯರು ದೇವಸ್ಥಾನದ ಪಂಕ್ತಿಯಲ್ಲಿ ಕೂತಾಗ, ಯಾರಾದರೂ ಗುರುತು ಹಿಡಿದರೆ ಎಂಬ ಒಂದೇ ಭಯಕ್ಕೆ ಓದುಗನ ಎದೆಯೂ ಹೊಡೆದುಕೊಳ್ಳುತ್ತದೆ. ಇನ್ನೊಂದು ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಸಮರ್ಥನೆಯಿಲ್ಲ. ಬ್ರಾಹ್ಮಣ ಹೆಂಗಸರನ್ನು ಬತ್ತಿದವರಾಗಿ, ಚಂದ್ರಿ, ದಲಿತ ಹೆಣ್ಣು ಬೆಳ್ಳಿಯರನ್ನು ತುಂಬಿದ ಮೈಯವರಾಗಿ ಎದುರುಬದುರು ನಿಲ್ಲಿಸುವಾಗ ಲೇಖಕರು ಸುಲಭದ ದಾರಿ ಹಿಡಿದಿದ್ದಾರೆ. ಚಂದ್ರಿಗಾದರೂ ಹೆಣ ಸುಡುವ ನಿರ್ಧಾರವಿದೆ. ಬೆಳ್ಳಿಗೆ ಅಂಥ ಒಂದು ಕ್ಷಣವನ್ನೂ ಅವರು ಕೊಡಲಿಲ್ಲ.