ಮಾಡ್ಯೂಲ್ ಕಟ್ಟಿದ ಮಾತ್ರಕ್ಕೆ ವೈಫೈ ಬರುವುದಿಲ್ಲ

ಉಬುಂಟು ಅಪ್‌ಡೇಟ್ ಮಾಡಿ ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡುತ್ತೀರಿ, ವೈಫೈ ನಾಪತ್ತೆ. 'ಲಿನಕ್ಸ್ ಹಣೆಬರಹವೇ ಇಷ್ಟು, ಅಪ್‌ಡೇಟ್ ಮಾಡಿದರೆ ಡ್ರೈವರ್ ಕೆಟ್ಟುಹೋಗುತ್ತದೆ' ಎಂಬ ಮಾತು ಕೂಡಲೇ ಬರುತ್ತದೆ. ಮೊದಲ ತಪ್ಪು ಕಲ್ಪನೆ ಇದೇ. ಡ್ರೈವರ್ ಕೆಟ್ಟಿರುವುದಿಲ್ಲ. ಅಪ್‌ಡೇಟ್ ಜೊತೆಗೆ ಹೊಸ ಕರ್ನಲ್, ಅಂದರೆ ವ್ಯವಸ್ಥೆಯ ತಿರುಳು, ಬಂದಿರುತ್ತದೆ. ಪ್ರತಿ ಕರ್ನಲ್‌ಗೂ ಮಾಡ್ಯೂಲ್‌ಗಳ, ಅಂದರೆ ಡ್ರೈವರ್ ಫೈಲ್‌ಗಳ, ಫೋಲ್ಡರ್ ಬೇರೆ; ಹಳೆಯ ಕರ್ನಲ್‌ನ ಫೋಲ್ಡರಿನಲ್ಲಿ ಅದು ಹಾಗೇ ಇರುತ್ತದೆ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನಲ್ಲಿ ಹಿಂದಿನ ಕರ್ನಲ್ ಆರಿಸಿ ಬೂಟ್ ಮಾಡಿದರೆ ಸಾಮಾನ್ಯವಾಗಿ ವೈಫೈ ಮರಳುತ್ತದೆ. ಹೊಸ ಕರ್ನಲ್‌ಗೆ ಬೇಕಾದ ಮಾಡ್ಯೂಲ್ ತಯಾರಾಗಿಲ್ಲ, ಅಥವಾ ತಯಾರಾದದ್ದು ಲೋಡ್ ಆಗಿಲ್ಲ, ಅಷ್ಟೆ.

ಲಿನಕ್ಸ್‌ನ ಬಹುಪಾಲು ಡ್ರೈವರ್‌ಗಳು ಕರ್ನಲ್ ಜೊತೆಯಲ್ಲೇ ಬರುವುದರಿಂದ ಅವಕ್ಕೆ ಈ ತಾಪತ್ರಯವಿಲ್ಲ. ಪೇಚಾಟವೆಲ್ಲ ಹೊರಗಿನಿಂದ ತಂದವುಗಳದ್ದು: ಎನ್ವಿಡಿಯಾ ಗ್ರಾಫಿಕ್ಸ್, ಬ್ರಾಡ್‌ಕಾಮ್ ಮತ್ತು ರಿಯಲ್‌ಟೆಕ್‌ನ ಕೆಲವು ವೈಫೈ ಚಿಪ್‌ಗಳು, ವರ್ಚುವಲ್‌ಬಾಕ್ಸ್. ಇವನ್ನು ಆಯಾ ಕರ್ನಲ್‌ಗೆ ತಕ್ಕಂತೆ ಮತ್ತೆ ಕಂಪೈಲ್ ಮಾಡಬೇಕು. ಆ ಕೆಲಸ ತಾನಾಗಿಯೇ ಆಗಲಿ ಎಂದು ಡೆಲ್ ಕಂಪನಿಯ ಇಂಜಿನಿಯರುಗಳು 2003ರ ಹೊತ್ತಿಗೆ ಡಿಕೆಎಂಎಸ್ ಎಂಬ ಸಾಧನ ತಂದರು. ಡ್ರೈವರಿನ ಸೋರ್ಸ್ ಕೋಡನ್ನು ಇದು ಡಿಸ್ಕಿನಲ್ಲಿ ಇಟ್ಟುಕೊಂಡಿರುತ್ತದೆ; ಹೊಸ ಕರ್ನಲ್ ಇನ್‌ಸ್ಟಾಲ್ ಆದಾಗ ಪ್ಯಾಕೇಜ್ ವ್ಯವಸ್ಥೆ ಇದನ್ನು ಕರೆಯುತ್ತದೆ, ಇದು ಮಾಡ್ಯೂಲ್ ಕಟ್ಟಿಕೊಡುತ್ತದೆ.

'ಹಾಗಾದರೆ ಡಿಕೆಎಂಎಸ್ ಹಾಕಿಬಿಟ್ಟರೆ ಚಿಂತೆಯಿಲ್ಲ' ಎನ್ನುವವರು ಹೆಡರ್‌ಗಳನ್ನು ಮರೆತಿರುತ್ತಾರೆ. ಕಟ್ಟುವುದಕ್ಕೆ ಆ ಕರ್ನಲ್‌ನದೇ ಹೆಡರ್ ಫೈಲ್‌ಗಳು ಬೇಕು, ಕಂಪೈಲರ್ ಬೇಕು. ಕರ್ನಲ್ ಬಂದು ಹೆಡರ್ ಬರದಿದ್ದರೆ ಡಿಕೆಎಂಎಸ್ ಗಲಾಟೆ ಮಾಡುವುದಿಲ್ಲ, ಒಂದೆರಡು ಸಾಲು ಗೊಣಗಿ ಮುಂದಕ್ಕೆ ಹೋಗಿಬಿಡುತ್ತದೆ. ಅಪ್‌ಡೇಟ್ ಸಮಯದಲ್ಲಿ ಪರದೆಯ ಮೇಲೆ ಹರಿಯುವ ನೂರಾರು ಸಾಲುಗಳ ನಡುವೆ ಅದನ್ನು ಯಾರು ಓದುತ್ತಾರೆ? ಅದಕ್ಕೇ ಉಬುಂಟುವಿನಲ್ಲಿ ಒಂದು ನಿರ್ದಿಷ್ಟ ಆವೃತ್ತಿಯ ಹೆಡರ್ ಮಾತ್ರ ಹಾಕಿದರೆ ಸಾಲದು. ಪ್ರತಿ ಹೊಸ ಕರ್ನಲ್ ಜೊತೆಗೆ ಅದರ ಹೆಡರನ್ನೂ ಎಳೆದು ತರುವ 'ಲಿನಕ್ಸ್-ಹೆಡರ್ಸ್-ಜೆನೆರಿಕ್' ಪ್ಯಾಕೇಜ್ ಇರಬೇಕು. ಫೆಡೋರಾದಲ್ಲಿ ಆ ಜಾಗಕ್ಕೆ 'ಕರ್ನಲ್-ಡೆವೆಲ್'.

ಹೆಡರ್ ಇದ್ದೂ ಕಟ್ಟುವುದು ಸೋಲಬಹುದು, ಆಗ ತಪ್ಪು ಡಿಕೆಎಂಎಸ್‌ನದ್ದಲ್ಲ. ಕರ್ನಲ್ 6.4ರಲ್ಲಿ 'ಕ್ಲಾಸ್ ಕ್ರಿಯೇಟ್' ಎಂಬ ಫಂಕ್ಷನ್‌ಗೆ ಕೊಡಬೇಕಾದ ಎರಡು ಆರ್ಗ್ಯುಮೆಂಟ್‌ಗಳಲ್ಲಿ ಒಂದನ್ನು ತೆಗೆದುಹಾಕಿದರು. ಬದಲಾವಣೆ ಇಷ್ಟೇ. ಆದರೆ ಹಳೆಯ ರೀತಿಯಲ್ಲೇ ಎರಡನ್ನೂ ಕೊಡುತ್ತಿದ್ದ ಹೊರಗಿನ ಡ್ರೈವರ್‌ಗಳೆಲ್ಲ 'ಆರ್ಗ್ಯುಮೆಂಟ್ ಹೆಚ್ಚಾಯಿತು' ಎಂದು ಅಲ್ಲೇ ನಿಂತವು. ಡಿಕೆಎಂಎಸ್‌ಗೆ ಕೋಡ್ ತಿದ್ದಲು ಬರುವುದಿಲ್ಲ. ಡ್ರೈವರ್ ಬರೆದವರು ಹೊಸ ಆವೃತ್ತಿ ಕೊಡಬೇಕು. ಕರ್ನಲ್‌ನ ಒಳಗಿನ ಇಂಟರ್‌ಫೇಸ್ ಸ್ಥಿರವಾಗಿರುತ್ತದೆಂಬ ಭರವಸೆಯನ್ನು ಲಿನಕ್ಸ್ ಬಳಗ ಬೇಕೆಂದೇ ಕೊಟ್ಟಿಲ್ಲ. ಹಾಗೇಕೆಂದು ವಿವರಿಸಿ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬರೆದ ಟಿಪ್ಪಣಿ ಕರ್ನಲ್ ಸೋರ್ಸ್‌ನಲ್ಲೇ ಇದೆ. ವಾದ ಸರಿಯೇ, ಆದರೆ ಪೆಟ್ಟು ಬೀಳುವುದು ವೈಫೈ ಇಲ್ಲದೆ ಕೂತವರಿಗೆ. ಇಂಥ ಹೊತ್ತಿನಲ್ಲಿ ಡಿಕೆಎಂಎಸ್‌ನ 'ಮೇಕ್ ಡಾಟ್ ಲಾಗ್' ಫೈಲ್ ತೆರೆದು 'ಎರರ್' ಎಂದಿರುವ ಮೊದಲ ಸಾಲು ನೋಡಿ. ಕಾರಣ ಸಾಮಾನ್ಯವಾಗಿ ಅಲ್ಲಿರುತ್ತದೆ, ಕೊನೆಯ ಸಾಲಿನಲ್ಲಲ್ಲ.

ಇನ್ನು ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ: ಮಾಡ್ಯೂಲ್ ಕಟ್ಟಿಯಾದರೆ ಲೋಡ್ ಆದಂತೆಯೇ ಎನ್ನುವುದು. ಕಟ್ಟುವುದು ಡಿಕೆಎಂಎಸ್, ಲೋಡ್ ಮಾಡುವುದು ಬೇರೆಯವರ ಪಾಲು. ಬೂಟ್ ಆಗುವಾಗ ಹಾರ್ಡ್‌ವೇರ್ ತನ್ನ ಗುರುತು ಹೇಳುತ್ತದೆ, ಸಾಧನಗಳನ್ನು ನಿಭಾಯಿಸುವ ಯುಡೆವ್ ಅದಕ್ಕೆ ಹೊಂದುವ ಮಾಡ್ಯೂಲನ್ನು ಕರೆಸುತ್ತದೆ. ಹಾರ್ಡ್‌ವೇರೇ ಇಲ್ಲದ ಮಾಡ್ಯೂಲ್‌ಗೆ, ಅಂದರೆ ನಕಲಿ ವೆಬ್‌ಕ್ಯಾಮ್ ಸೃಷ್ಟಿಸುವ 'ವಿ4ಎಲ್2 ಲೂಪ್‌ಬ್ಯಾಕ್'ನಂಥದ್ದಕ್ಕೆ, ಗುರುತು ಹೇಳುವವರು ಯಾರೂ ಇಲ್ಲ. ಅದರ ಹೆಸರನ್ನು 'ಮಾಡ್ಯೂಲ್ಸ್-ಲೋಡ್ ಡಾಟ್ ಡಿ' ಫೋಲ್ಡರಿನ ಫೈಲೊಂದರಲ್ಲಿ ನಾವೇ ಬರೆದಿಡಬೇಕು.

ಮೇಲೆ ಸೆಕ್ಯೂರ್ ಬೂಟ್ ಎಂಬ ಕಾವಲುಗಾರ ಬೇರೆ. ಮಾಡ್ಯೂಲ್‌ಗೆ ತಾನು ನಂಬುವ ಕೀಲಿಯ ಸಹಿ ಇಲ್ಲದಿದ್ದರೆ ಕರ್ನಲ್ ಒಳಗೆ ಬಿಡುವುದಿಲ್ಲ. ಉಬುಂಟು ಇದಕ್ಕಾಗಿ ನಿಮ್ಮ ಯಂತ್ರದಲ್ಲೇ ಒಂದು ಕೀಲಿ ತಯಾರಿಸಿ, ಪಾಸ್‌ವರ್ಡ್ ಕೇಳಿ, ರೀಸ್ಟಾರ್ಟ್ ಮಾಡಲು ಹೇಳುತ್ತದೆ. ಆಗ ನೀಲಿ ಪರದೆಯೊಂದು 10 ಸೆಕೆಂಡು ಕಾಯುತ್ತದೆ. ಒಂದು ಕೀ ಒತ್ತಿ, 'ಎನ್‌ರೋಲ್ ಮೋಕ್' ಆರಿಸಿ, ಅದೇ ಪಾಸ್‌ವರ್ಡ್ ಕೊಡಬೇಕು. ಅಷ್ಟರಲ್ಲಿ ಚಹಾ ತರಲು ಎದ್ದು ಹೋದರೆ ಅವಕಾಶ ತಪ್ಪಿತು: ಸಹಿ ಇದ್ದೂ ಕೀಲಿ ನೋಂದಣಿಯಾಗದೆ 'ಕೀ ವಾಸ್ ರಿಜೆಕ್ಟೆಡ್' ಎಂಬ ಉತ್ತರ. ಸಿಟ್ಟಿನಲ್ಲಿ ಸೆಕ್ಯೂರ್ ಬೂಟ್ ಅನ್ನೇ ಆಫ್ ಮಾಡುವವರು ಬಹಳ. ಒಂದು ಪಾಸ್‌ವರ್ಡ್ ಟೈಪ್ ಮಾಡಲಾಗದ ಸೋಮಾರಿತನಕ್ಕೆ ಅದು ದುಬಾರಿ ಪರಿಹಾರ.

ಎನ್ವಿಡಿಯಾ ಬಳಸುವವರಿಗೆ ಒಂದು ಮಾತು. ಅಪ್‌ಡೇಟ್ ಆದೊಡನೆ 'ಡ್ರೈವರ್, ಲೈಬ್ರರಿ ಆವೃತ್ತಿ ಹೊಂದುತ್ತಿಲ್ಲ' ಎಂದು ಬಂದರೆ ಏನನ್ನೂ ಕಿತ್ತುಹಾಕಬೇಡಿ. ಡಿಸ್ಕಿನಲ್ಲಿ ಹೊಸದು, ಮೆಮೊರಿಯಲ್ಲಿ ಹಳೆಯ ಮಾಡ್ಯೂಲ್. ಒಂದು ರೀಸ್ಟಾರ್ಟ್ ಸಾಕು.

ಕರ್ನಲ್ ಅಪ್‌ಡೇಟ್ ಆದ ಮೇಲೆ ರೀಸ್ಟಾರ್ಟ್ ಒತ್ತುವ ಮುನ್ನ ಟರ್ಮಿನಲ್‌ನಲ್ಲಿ 'ಡಿಕೆಎಂಎಸ್ ಸ್ಟೇಟಸ್' ಕೊಟ್ಟು ನೋಡಿ. ಹೊಸ ಕರ್ನಲ್‌ನ ಸಂಖ್ಯೆಯ ಎದುರು 'ಇನ್‌ಸ್ಟಾಲ್ಡ್' ಎಂದಿರಬೇಕು. ಬರೀ 'ಆ್ಯಡೆಡ್' ಎಂದಿದ್ದರೆ ಸೋರ್ಸ್ ಇದೆ, ಮಾಡ್ಯೂಲ್ ಆಗಿಲ್ಲ. ಹೊಸ ಕರ್ನಲ್‌ನಲ್ಲಿ ವೈಫೈ, ಪರದೆ ಎರಡೂ ಸರಿಯಿವೆ ಎಂದು ಖಾತ್ರಿಯಾಗುವ ತನಕ ಹಳೆಯ ಕರ್ನಲ್ ತೆಗೆಯಬೇಡಿ.